ಓಗಿ ಬತ್ತೀನಿ

ನನ್ನ ತಮ್ಮನಿಗೂ ಹಕಾರಕ್ಕೂ ಹುಟ್ಟಿನಿಂದಲೇ ಆಗಿಬರುತ್ತಿರಲಿಲ್ಲ. ನಮ್ಮ ಕಡೆ ಅದು ಯಾರ ಬಾಯಲ್ಲೂ ನಿಲ್ಲುವುದಿಲ್ಲ. ಹಾಲು ಆಲಾಗುತ್ತದೆ, ಹಸು ಅಸುವಾಗುತ್ತದೆ, ಅದರಿಂದ ಯಾರಿಗೂ ಏನೂ ನಷ್ಟವಿಲ್ಲ. ಆದರೆ ಇವನಿಗೆ ಸಿಕ್ಕಿದ ಕೆಲಸವೇ ಅಂಥದ್ದು. ಹಿಂದಿಯ ಒಂದು ಸೂಪರ್‌ಹೀರೋ ಧಾರಾವಾಹಿಗೆ ಕನ್ನಡದಲ್ಲಿ ದನಿ ಕೊಡಬೇಕು, ಅದೂ ನಾಯಕನಿಗೆ. ಬೆಳಗಿನ ರೈಲಿಗೆ ನಮ್ಮ ಗಣಿಯೂರು ಉರಿಗಾಂನಿಂದ ಹೊರಟು, ಬೆಂಗಳೂರಿನ ಯಾವುದೋ ಕತ್ತಲೆ ಕೋಣೆಯಲ್ಲಿ ನಿಂತು, ‘ಹೆದರಬೇಡಿ, ನಾನಿದ್ದೇನೆ’ ಎಂದು ಹೇಳಿ ಬರುವುದು. ಮೊದಮೊದಲು ಹುಷಾರು ಜಾಸ್ತಿಯಾಗಿ ಆಕಾಶವನ್ನೂ ‘ಹಾಕಾಶ’ ಮಾಡಿ ಬೈಸಿಕೊಂಡಿದ್ದನಂತೆ. ನಾನು ಅವನನ್ನು ಅಡುಗೆಮನೆಯಲ್ಲಿ ಕೂರಿಸಿ, ಬಾಯೆದುರು ಅಂಗೈ ಹಿಡಿಸಿ, ಉಸಿರು ತಾಗುವ ತನಕ ಹೇಳಿಸುತ್ತಿದ್ದೆ. ಲೋಕವನ್ನೆಲ್ಲ ಕಾಪಾಡುವವನು ಅಕ್ಕನಿಗೆ ಹೆದರಿ ಪಾಠ ಒಪ್ಪಿಸುತ್ತಿದ್ದ.

ಆ ನಾಯಕನಿಗೆ ಮುಖವಾಡ, ತುಟಿ ಕಾಣುವುದಿಲ್ಲ. ಹಾಗಾಗಿ ಟಿ.ವಿ.ಯೊಳಗೆ ಇರುವವನು ತನ್ನ ಮಗನೇ ಎಂದುಕೊಳ್ಳಲು ಅಮ್ಮನಿಗೆ ಏನೂ ಅಡ್ಡಿ ಇರಲಿಲ್ಲ. ಅವಳು ನೋಡುತ್ತಲೂ ಇರಲಿಲ್ಲ, ಟಿ.ವಿ.ಗೆ ಬೆನ್ನು ಹಾಕಿ ಏನಾದರೂ ಕೆಲಸ ಮಾಡುತ್ತಾ ಬರೀ ಕೇಳುತ್ತಿದ್ದಳು. ಪ್ರತಿ ಕಂತಿನ ಕೊನೆಗೂ ನಾಯಕ ‘ಹೋಗಿ ಬರ್ತೀನಿ’ ಎಂದು ಹೇಳಿ ಹಾರುತ್ತಾನೆ. ಪಕ್ಕದಲ್ಲೇ ತಮ್ಮ ಕೂತು ನಗುತ್ತಿದ್ದರೂ ಅಮ್ಮ ಟಿ.ವಿ.ಗೆ ‘ಓಗಿ ಬಾ ಮಗಾ’ ಎನ್ನುವಳು. ನಮ್ಮ ಮನೆಯಲ್ಲಿ ಬರೀ ‘ಹೋಗ್ತೀನಿ’ ಎಂದು ಯಾರೂ ಹೊಸ್ತಿಲು ದಾಟುವಂತಿರಲಿಲ್ಲ. ಅಪ್ಪ ಗಣಿಗೆ ಇಳಿಯುತ್ತಿದ್ದ ಕಾಲದಿಂದ ಉಳಿದ ಭಯ ಅದು. ಬರ್ತೀನಿ ಅನ್ನಬೇಕು, ಬಾ ಅನ್ನಿಸಿಕೊಳ್ಳಬೇಕು, ಆಮೇಲೆಯೇ ಚಪ್ಪಲಿ.

ಒಂದು ಬೆಳಿಗ್ಗೆ ಬಂಗಾರಪೇಟೆಯಲ್ಲಿ ರೈಲು ಬದಲಿಸಲು ಇಳಿದವನು ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತ, ಮತ್ತೆ ಏಳಲಿಲ್ಲ. ಹೃದಯ ನಿಂತಿತ್ತು ಎಂದರು.

ಅವನನ್ನು ಹೊತ್ತು ಹೊರಡುವಾಗ ಅಮ್ಮ ಬಾಗಿಲಲ್ಲಿ ನಿಂತಿದ್ದಳು. ಅವಳಿಗೆ ಮೈಮೇಲೆ ಎಚ್ಚರವಿರಲಿಲ್ಲ. ದಿನಾ ಅನ್ನುವಂತೆ ‘ಓಗಿ ಬಾ ಮಗಾ’ ಅಂದುಬಿಟ್ಟಳು. ಹೊತ್ತವರ ಹೆಜ್ಜೆ ತಪ್ಪಿತು. ಪಕ್ಕದ ಮನೆಯ ತಮಿಳು ಅಜ್ಜಿ ಓಡಿಬಂದು ಅಮ್ಮನ ಬಾಯಿ ಮುಚ್ಚಿದಳು. ಸಾವಿನ ಮನೆಯಿಂದ ಹೊರಡುವ ನೆಂಟರೂ ಬರ್ತೀನಿ ಅನ್ನದೆ ಸುಮ್ಮನೆ ಎದ್ದು ಹೋಗುವ ಊರು ನಮ್ಮದು. ಸತ್ತವನಿಗೇ ಬಾ ಅಂದರೆ ಜನ ಬಿಡುತ್ತಾರೆಯೇ, ಬಂದವರೆಲ್ಲ ಅದನ್ನೇ ಗುಸುಗುಸು ಆಡಿಕೊಂಡರು.

ನಾನು ಇಂಥದ್ದನ್ನು ನಂಬುವವಳಲ್ಲ. ಆದರೆ ಅದಾದ ಮೇಲೆ ಬೆಳಗಿನ ರೈಲಿನ ಹೊತ್ತಿಗೆ ಮುಂಬಾಗಿಲ ಚಿಲಕ ತೆಗೆದಿರುತ್ತಿತ್ತು. ಅಮ್ಮ ತೆಗೆದಳೆಂದು ನಾನು, ನಾನು ತೆಗೆದೆನೆಂದು ಅಮ್ಮ. ಒಂದು ದಿನ ಇಬ್ಬರೂ ಹಾಸಿಗೆಯಲ್ಲಿ ಎದ್ದು ಕೂತಿದ್ದಾಗಲೇ ಅದು ಸರಿದ ಸದ್ದು ಕೇಳಿತು. ಉರಿಗಾಂನ ನೆಲದೊಳಗೆಲ್ಲ ಟೊಳ್ಳು, ಗಣಿ ಮುಚ್ಚಿದರೂ ಅದುರುತ್ತದೆ, ಹಳೇ ಚಿಲಕ ಸಡಿಲ ಎಂದೆಲ್ಲ ನಾನು ಅಮ್ಮನಿಗೆ ಹೇಳಿದೆ.

“ಬಾ ಅಂದೋಳು ನಾನೇ ಕಣೇ,” ಅಂದಳು ಅಮ್ಮ. “ಅದ್ಕೇ ಓಗಕ್ಕಾಗ್ದೆ ನಿಂತವ್ನೆ, ನನ್ ಕೂಸು. ಅವ್ನು ಓಗ್ತೀನಿ ಅಂದ್ರಲ್ವಾ ನಾನು ಓಗು ಅನ್ನೋದು?”

ಅವಳು ಊಟ ಬಿಟ್ಟಳು. ಆಡಿದ ಮಾತನ್ನು ವಾಪಸ್ಸು ತೆಗೆದುಕೊಳ್ಳಲು ಅವಳಿಗೆ ಆ ದನಿ ಇನ್ನೊಂದು ಸಲ ಬೇಕಿತ್ತು.

ಅಷ್ಟರಲ್ಲಿ ಸ್ಟುಡಿಯೋದಿಂದ ಫೋನು ಬಂತು. ನಿಮ್ಮ ತಮ್ಮ ಅರ್ಧಕ್ಕೆ ಬಿಟ್ಟ ಕಂತೊಂದಿದೆ, ಹಳೆಯ ರೆಕಾರ್ಡಿಂಗುಗಳಿಂದ ಅವನ ದನಿಯನ್ನು ಕಂಪ್ಯೂಟರಿಗೆ ಕಲಿಸಿ ಉಳಿದರ್ಧ ಮುಗಿಸುತ್ತೇವೆ, ನಿಮ್ಮ ಒಪ್ಪಿಗೆ ಬೇಕು ಎಂದರು. ನನಗೆ ಮೈ ಉರಿದುಹೋಯಿತು. ಸತ್ತವನ ಕೈಲೂ ದುಡಿಸಿಕೊಳ್ಳುತ್ತೀರಾ ಎಂದು ಬೈದೆ. ಪಕ್ಕದಲ್ಲಿ ಕೂತು ಕೇಳಿಸಿಕೊಂಡ ಅಮ್ಮ ಆಗಲಿ ಅನ್ನು ಎಂದಳು. ಅಂದೆ.

ಆ ಕಂತು ಬಂದ ಭಾನುವಾರ ಸಂಜೆ ಅಮ್ಮ ನೆನೆಸಿದ ಅವರೆಕಾಳು ಮುಂದಿಟ್ಟುಕೊಂಡು, ಬಾಗಿಲ ಕಡೆ ಮುಖ ಮಾಡಿ ಹಿದುಕುತ್ತಾ ಕೂತಳು. ಕಂತಿನಲ್ಲಿ ಸುರಂಗ ಕುಸಿದು ಜನ ಒಳಗೆ ಸಿಕ್ಕಿಕೊಂಡಿದ್ದರು. ನಾಯಕ ಕತ್ತಲಿಗೆ ಇಳಿಯುತ್ತಾ ‘ಹೆದರಬೇಡಿ’ ಎಂದು ಕೂಗುತ್ತಿದ್ದ. ಹಕಾರದ ಮುಂದೆ ಒಂದು ಚೂರು ತಡೆ ಇತ್ತು. ಅದು ನನ್ನ ಅಂಗೈ ಪಾಠದ ತಡೆ, ಹಾಗಾಗಿ ಇದು ತಮ್ಮನದೇ ದನಿ. ಜಾಹೀರಾತು ಮುಗಿದ ಮೇಲೆ ದನಿ ಅದೇ ಇತ್ತು, ತಡೆ ಇರಲಿಲ್ಲ. ಹಕಾರಗಳೆಲ್ಲ ನುಣ್ಣಗೆ ಜಾರುತ್ತಿದ್ದವು. ಅಮ್ಮನ ಬೆರಳುಗಳು ನಿಂತವು. ಇದು ಅವನಲ್ಲವೆಂದು ಅವಳಿಗೂ ತಿಳಿದಿತ್ತು. ತಮ್ಮನ ದನಿಯಲ್ಲಿ ತಮ್ಮನಲ್ಲದವನು ಮಾತಾಡುತ್ತಿದ್ದ.

ಎಲ್ಲರನ್ನೂ ಮೇಲೆ ತಂದು ಬಿಟ್ಟ ನಾಯಕ ಮುಖವಾಡವನ್ನು ನಮ್ಮತ್ತ ತಿರುಗಿಸಿದ.

“ಓಗಿ ಬತ್ತೀನಿ.”

ಟಿ.ವಿ.ಯಲ್ಲಿ ಅವನು ಒಂದು ದಿನವೂ ಹಾಗೆ ಅಂದವನಲ್ಲ. ಹಾಗೆ ಅನ್ನುತ್ತಿದ್ದದ್ದು ನಮ್ಮ ಹೊಸ್ತಿಲಲ್ಲಿ ಮಾತ್ರ. ಆಮೇಲೆ ಸ್ಟುಡಿಯೋದವರನ್ನು ವಿಚಾರಿಸಿದೆ. ಬರೆದುಕೊಟ್ಟದ್ದು ‘ಹೋಗಿ ಬರ್ತೀನಿ’ ಎಂದೇ, ಅವನು ತಪ್ಪಿ ಹೇಳಿದ ಹಳೇ ಟೇಕುಗಳೂ ಕಂಪ್ಯೂಟರಿಗೆ ಸೇರಿಬಿಟ್ಟಿರಬೇಕು ಎಂದರು. ಇರಬಹುದು. ಆದರೆ ಆ ಸಂಜೆ ಮಾತು ಕೇಳಿದಾಗ ನಾನು ಟಿ.ವಿ.ಯನ್ನು ಬಿಟ್ಟು ಬಾಗಿಲ ಕಡೆ ತಿರುಗಿದ್ದೆ, ಯಾಕೆಂದರೆ ನನಗೆ ಅದು ಅಲ್ಲಿಂದಲೇ ಕೇಳಿಸಿತ್ತು. ನಾನೇ ಹಾಕಿದ್ದ ಚಿಲಕ ಸರಿದಿತ್ತು.

“ಓಗಿ,” ಎಂದ ಅಮ್ಮ ಅಲ್ಲಿಗೇ ನಿಲ್ಲಿಸಿದಳು. ಕೈಗೆ ಅಂಟಿದ ಅವರೆ ಸಿಪ್ಪೆ ಕೊಡವಿ, ಎದ್ದು, ಬಾಗಿಲು ತೆರೆದಳು. ಹೊಸ್ತಿಲಾಚೆ ಯಾರೂ ಇರಲಿಲ್ಲ. ಅವಳು ಬಾಗಿಲ ಚೌಕಟ್ಟು ಹಿಡಿದು, ಎದುರಿಗೇ ನಿಂತವನಿಗೆ ಹೇಳುವಷ್ಟು ಮೆಲ್ಲಗೆ ಹೇಳಿದಳು.

“ಓಗು ಮಗಾ.”

ಬಾ ಅನ್ನಲಿಲ್ಲ. ತಾನೇ ಬಾಗಿಲು ಮುಚ್ಚಿ ಚಿಲಕ ಹಾಕಿದಳು.

ಮರುದಿನ ಬೆಳಗಿನ ರೈಲು ಕೂಗಿ ಹೋಯಿತು. ನಾವಿಬ್ಬರೂ ಎದ್ದು ಬಂದು ನೋಡಿದೆವು. ಚಿಲಕ ಹಾಕಿದಂತೆಯೇ ಇತ್ತು. ಅದನ್ನು ಮುಟ್ಟಿ ನೋಡಿದ ಮೇಲೆಯೇ ಅಮ್ಮ, ಮಗ ಸತ್ತನೆಂದು ಗಟ್ಟಿಯಾಗಿ ಅತ್ತಳು.