ಕೊರಳಲ್ಲಿ ನೇತಾಡಿದ ಕಿವಿಗವಸು

ಬಲಗಿವಿಯ ಮೇಲೆ ಕೆಂಪು ಪೆನ್ಸಿಲ್ಲಿನ ತುಂಡು, ಎಡಗಿವಿಯ ಹಾಲೆಗೆ ಸದಾ ಅಂಟಿರುತ್ತಿದ್ದ ಒಣ ಸಿಮೆಂಟು. ಗಾರೆ ಕೆಲಸದ ಗೌಂಡಿ ಕಾಕಾ ನೆನಪಾದರೆ ನನಗೆ ಮೊದಲು ಕಾಣುವುದು ಆ ಕಿವಿಗಳೇ. ಅವರು ಮುದ್ದೇಬಿಹಾಳದವರು. ಗೋಡೆಗೆ ಬೆರಳ ಗೆಣ್ಣಿನಿಂದ ಬಡಿದು, ತಲೆ ವಾರೆ ಮಾಡಿ ಕೇಳಿ, "ಇದರ ಹೊಟ್ಯಾಗ ಏನೂ ಇಲ್ಲ ನೋಡ್ರಿ" ಎಂದರೆ ಮುಗಿಯಿತು, ಒಡೆದು ನೋಡಬೇಕಿರಲಿಲ್ಲ.

ಬಸವನ ಬಾಗೇವಾಡಿ ಹತ್ತಿರದ ಕಾಲುವೆ ಸೇತುವೆಯ ದುರಸ್ತಿಗೆ ನಾನು ನೀರಿನಿಂದ ಕತ್ತರಿಸುವ ಯಂತ್ರ ತಂದಿದ್ದೆ. ಅದರ ನೀರು ಒಂದೇ ಧಾರೆಯಾಗಿ ಬರುವುದಿಲ್ಲ; ತುಂಡುತುಂಡಾಗಿ, ಪೆಟ್ಟಿನ ಮೇಲೆ ಪೆಟ್ಟಾಗಿ ಬಡಿಯುತ್ತದೆ. ಹಾಳಾದ ಕಾಂಕ್ರೀಟು ಉದುರುತ್ತದೆ, ಒಳಗಿನ ಕಬ್ಬಿಣಕ್ಕೆ ಏನೂ ಆಗುವುದಿಲ್ಲ. ಆದರೆ ಎಲ್ಲಿ ನಿಲ್ಲಿಸಬೇಕೆಂಬುದು ಯಂತ್ರಕ್ಕೂ ಗೊತ್ತಿರಲಿಲ್ಲ, ಎಂಜಿನಿಯರ್ ಎನಿಸಿಕೊಂಡ ನನಗೂ ಗೊತ್ತಿರಲಿಲ್ಲ. ಎರಡನೇ ದಿನವೇ ಗಟ್ಟಿ ಕಾಂಕ್ರೀಟನ್ನು ಗೇಣು ಆಳ ಕೊರೆದು ಬೈಸಿಕೊಂಡೆ.

"ಸಪ್ಪಳ ಬದಲಾಗ್ತೈತ್ರಿ ಸಾಹೇಬ್ರ. ಹಾಳಾದಲ್ಲಿ ಬದಬದ, ಗಟ್ಟಿ ಹತ್ತಿದ ಕೂಡ್ಲೆ ಟಣಟಣ. ಆದ್ರ ಇದನ್ನ ಹಾಕ್ಕೊಂಡ್ರ ನನಗ ಏನೂ ತಿಳಿವಲ್ದು," ಎಂದು ಕಾಕಾ ತಮ್ಮ ಕಿವಿಗವಸು ತೋರಿಸಿದರು.

"ಹಂಗಾದ್ರ ತಗೀರಿ ಕಾಕಾ," ಎಂದೆ. ಅಷ್ಟು ಸಲೀಸಾಗಿ ಎಂದುಬಿಟ್ಟೆ. ಆ ಸದ್ದು ಕಿವಿಯನ್ನು ತಿಂದುಹಾಕುತ್ತದೆಂದು ನನಗೆ ಚೆನ್ನಾಗಿ ಗೊತ್ತಿತ್ತು.

ಆರು ತಿಂಗಳು ಅವರು ಕಿವಿಗವಸನ್ನು ಕೊರಳಿಗೆ ನೇತುಹಾಕಿಕೊಂಡೇ ನನ್ನ ಪಕ್ಕ ನಿಂತರು. ಅವರು ಕೈ ಎತ್ತಿದರೆ ನಾನು ನೀರು ನಿಲ್ಲಿಸುತ್ತಿದ್ದೆ. ಕೆಲಸ ಬಹಳ ನಾಜೂಕಾಗಿದೆ ಎಂದು ಮೇಲಿನವರು ನನ್ನ ಬೆನ್ನು ತಟ್ಟಿದರು. ನನ್ನ ಕಿವಿಗವಸನ್ನು ಮಾತ್ರ ನಾನು ಒಂದು ದಿನವೂ ತೆಗೆಯಲಿಲ್ಲ.

ಕೊನೆಯ ಕಂಬಕ್ಕೆ ಬರುವಷ್ಟರಲ್ಲಿ ಕಾಕಾ ಕೈ ಎತ್ತುವುದು ತಡವಾಗತೊಡಗಿತು. ಒಂದು ಸಂಜೆ ಚಹಾದಂಗಡಿಯಲ್ಲಿ ಹಿಂದಿನಿಂದ ಕೂಗಿದೆ. ಅವರು ತಿರುಗಲಿಲ್ಲ.

ಮರುವರ್ಷ ತಪ್ಪೊಪ್ಪಿಕೊಳ್ಳಬೇಕೆಂದೇ ಅವರ ಮನೆಗೆ ಹೋದೆ. ಪಡಸಾಲೆಯಲ್ಲಿ ಕೂರಿಸಿ ಕೈಗೆ ಚಹಾ ಕೊಟ್ಟರು.

"ಕಾಕಾ, ನಿಮ್ಮ ಕಿವಿ ಹೋಗಿದ್ದು ನನ್ನಿಂದ. ತಪ್ಪು ನಂದ್ರಿ."

ಅವರು ಕಿವಿಗೆ ಅಂಗೈ ಆನಿಸಿ ಮುಂದೆ ಬಾಗಿದರು. "ಏನಂದ್ರಿ? ತುಸು ಜೋರ ಹೇಳ್ರಿ."

ಜೋರಾಗಿ ಹೇಳಿದರೆ ಒಳಗೆ ಜೋಳ ಹಸನು ಮಾಡುತ್ತಿದ್ದ ಕಾಕಿಗೂ ಕೇಳುತ್ತಿತ್ತು.

"ಚಾ ಚೊಲೊ ಆಗೇತ್ರಿ ಅಂದೆ!" ಎಂದು ಕೂಗಿದೆ.

ಕಾಕಾ ಮುಖ ಅರಳಿಸಿ ನಕ್ಕರು. ಒಳಗಡೆ ತಿರುಗಿ, "ಸಾಹೇಬ್ರಿಗೆ ಇನ್ನೊಂದು ಕಪ್ ತಾ," ಎಂದರು.

ಹೋದ ವರ್ಷ ಅವರು ತೀರಿಕೊಂಡರು. ಆ ಎರಡನೇ ಕಪ್ಪನ್ನೂ ನಾನು ಕುಡಿದೇ ಎದ್ದು ಬಂದಿದ್ದೆ.