ಸ್ರವಂತಿ ಅಡಗಿಸಿಟ್ಟ ಮೂರು ಕೀ

ತೆಲಂಗಾಣ ರಾಜ್ಯವಾಗಿ ಮೂರು ವರ್ಷವಾಗಿತ್ತು. ಸ್ರವಂತಿ ಮಕ್ತಲ್‌ನ ಕಂಪ್ಯೂಟರ್ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಳು. ಕೃಷ್ಣಾ ಮಂಡಲದ ಕುರುಬರ ಮನೆಯವಳು. ಹತ್ತನೆಯವರೆಗೆ ಊರಿನ ಕನ್ನಡ ಶಾಲೆಯಲ್ಲಿ ಓದಿ, ಆಮೇಲೆ ಡಿಪ್ಲೊಮಾ ಮುಗಿಸಿದ್ದಳು. ಅಂಗಡಿಯ ಯಜಮಾನ ಅಂಜಯ್ಯ ಶಾಲೆಗಳಿಗೆ ಅಂಕಪಟ್ಟಿ ತಯಾರಿಸುವ ಸಾಫ್ಟ್‌ವೇರ್ ಮಾರುತ್ತಿದ್ದ. ಅದನ್ನು ಶಾಲೆಯ ಕಂಪ್ಯೂಟರಿಗೆ ಹಾಕಿಕೊಡುವ ಇನ್‌ಸ್ಟಾಲರ್ ಬರೆಯುವುದು ಸ್ರವಂತಿಯ ಕೆಲಸ.

ಗಡಿಯ ಕನ್ನಡ ಶಾಲೆಯೊಂದರ ಹೆಡ್‌ಮಾಸ್ಟರ್ ಮಲ್ಲಣ್ಣ ಒಂದು ದಿನ ಅಂಗಡಿಗೆ ಬಂದರು. ಅವರ ಶಾಲೆಗೂ ಅಂಕಪಟ್ಟಿ ತೆಲುಗಿನಲ್ಲೇ ಬರುತ್ತಿತ್ತು.

"ನಮ್ಮ ಮಕ್ಕಳ ತಾಯಂದಿರಿಗೆ ಇದು ಓದಾಕ ಬರೂದಿಲ್ರೀ. ಕನ್ನಡದಾಗ ಆಗೂದಿಲ್ಲೇನು?"

ಕನ್ನಡದ ಪದಗಳನ್ನೂ ಅಕ್ಷರಗಳನ್ನೂ ಸ್ರವಂತಿ ಎಂದೋ ಸಿದ್ಧಮಾಡಿಟ್ಟಿದ್ದಳು. ಆದರೆ ಇನ್‌ಸ್ಟಾಲರಿನಲ್ಲಿ ಭಾಷೆ ಆರಿಸುವ ಪುಟ ಸೇರಿಸಲು ಅಂಜಯ್ಯ ಒಪ್ಪಿರಲಿಲ್ಲ. ಮಲ್ಲಣ್ಣ ಹೋದ ಮೇಲೂ ಅದೇ ಮಾತು.

"ನಮ್ಮ ಗಿರಾಕಿ ಇನ್ನೂರು ಸಾಲಿ, ಎಲ್ಲಾ ತೆಲುಗಿನವು. ಪುಟ ಒಂದು ಹೆಚ್ಚಾದ್ರ ಏನು ಒತ್ತಬೇಕಂತ ಎಲ್ಲರೂ ನನಗ ಫೋನ್ ಮಾಡ್ತಾರ. ಅವರಿಗೆ ಕಾಣೂದು ಏನೂ ಬದಲಾಗಬಾರದು."

"ಏನೂ ಬದಲಾಗದಂಗ ಮಾಡಿದ್ರ ಒಪ್ಪತೀರೇನ್ರಿ?"

"ಮಾಡಿ ತೋರ್ಸು, ನೋಡೋಣ."

ಅವಳ ಯೋಚನೆ ಸರಳವಾಗಿತ್ತು. ಇನ್‌ಸ್ಟಾಲರಿನ ಮೊದಲ ಪುಟದಲ್ಲಿ ಕೀಬೋರ್ಡಿನ ಕಂಟ್ರೋಲ್, ಆಲ್ಟ್, ಕೆ ಎಂಬ ಮೂರು ಕೀಲಿಗಳನ್ನೂ ಒಟ್ಟಿಗೆ ಒತ್ತಿದವರಿಗೆ ಮಾತ್ರ ಭಾಷೆಯ ಪುಟ ತೆರೆಯಬೇಕು. ಗೊತ್ತಿಲ್ಲದವರಿಗೆ ಅದು ಇದೆಯೆಂದೇ ತಿಳಿಯಬಾರದು.

ಬರೆದು ಒತ್ತಿದಳು. ಏನೂ ಆಗಲಿಲ್ಲ. ಎರಡು ದಿನ ಪ್ರೋಗ್ರಾಮಿನ ಸಾಲುಗಳನ್ನು ತಿದ್ದಿ ತಿದ್ದಿ ಒತ್ತಿದಳು, ಪರದೆಯ ಮೇಲಿನ ಇನ್‌ಸ್ಟಾಲರ್ ಕಿಟಕಿ ಮಿಸುಕಲಿಲ್ಲ. ತನಗೆ ಇದು ಬಾರದೆಂದು ಅಂಜಯ್ಯನಿಗೆ ಹೇಳಿಬಿಡಲೇ ಎಂದೂ ಅನಿಸಿತು. ಮೂರನೆಯ ದಿನ 'ಮುಂದೆ' ಎಂಬ ಬಟನ್ ಸುತ್ತಲಿದ್ದ ಸಣ್ಣ ಚುಕ್ಕೆಗೆರೆಯ ಮೇಲೆ ಕಣ್ಣು ನಿಂತಿತು. ಕಿಟಕಿ ತೆರೆದ ಕ್ಷಣದಿಂದ ಆ ಬಟನ್ನೇ ಆಯ್ಕೆಯಾಗಿರುತ್ತದೆ. ಒತ್ತಿದ ಕೀಲಿಗಳೆಲ್ಲ ಅದಕ್ಕೇ ಹೋಗುತ್ತಿವೆ, ಕಿಟಕಿಗೆ ತಲುಪುತ್ತಲೇ ಇಲ್ಲ. ಯಾವ ಕೀಲಿಯನ್ನಾದರೂ ಮೊದಲು ಕಿಟಕಿಯೇ ನೋಡಲಿ ಎಂದು ಒಂದೇ ಒಂದು ಸಾಲು ಸೇರಿಸಿದಳು.

ಮೂರು ಕೀಲಿಗಳ ಮೇಲೂ ಬೆರಳಿಟ್ಟು ಒತ್ತಿದಳು. ತೆಲುಗು, ಕನ್ನಡ ಎಂಬ ಎರಡು ಹೆಸರಿನ ಪುಟ ಎದುರಿಗೆ ಬಂತು. ಸ್ರವಂತಿ ಕುರ್ಚಿಯಿಂದ ಎದ್ದು ನಿಂತಳು.

ಅಂಜಯ್ಯ ತಾನೇ ಕೂತು ಇನ್‌ಸ್ಟಾಲ್ ಮಾಡಿದ. ಎಲ್ಲ ಮೊದಲಿನಂತೆಯೇ ಇತ್ತು.

"ಎಲ್ಲೈತಿ ನಿನ್ನ ಕನ್ನಡ?"

"ಇನ್ನೊಮ್ಮೆ ಶುರು ಮಾಡ್ರಿ," ಎಂದು ಯಾವ ಕೀಲಿಗಳೆಂದು ತೋರಿಸಿದಳು.

ಪುಟ ತೆರೆಯಿತು. ಅವನು ಅದನ್ನು ಮುಚ್ಚಿ ಮತ್ತೆ ಒತ್ತಿದ. ಮೂರನೆಯ ಸಲವೂ ಒತ್ತಿ ನೋಡಿ, ಅವಳತ್ತ ತಿರುಗಿದ. "ನಾನೇ ಹುಡುಕಿದ್ರೂ ಸಿಗ್ತಿದ್ದಿಲ್ಲ. ಮಲ್ಲಣ್ಣನವರ ಸಾಲಿಗೆ ನೀನೇ ಹೋಗಿ ಹಾಕಿ ಬಾ."

ಶಾಲೆಯಲ್ಲಿ ಸ್ರವಂತಿ ಮಲ್ಲಣ್ಣನವರ ಕೈಯಿಂದಲೇ ಒತ್ತಿಸಿದಳು. ಆ ವಾರ ಅಂಕಪಟ್ಟಿ ಹಂಚುವಾಗಲೂ ಅವಳನ್ನು ಕರೆಸಿದ್ದರು. ಹನುಮಮ್ಮ ಎಂಬ ತಾಯಿ ಹಾಳೆಯ ಮೇಲೆ ಬೆರಳಿಟ್ಟು ಅಕ್ಷರ ಕೂಡಿಸಿ ಓದುತ್ತಾ ಹೋದವಳು ಗಣಿತದ ಹತ್ತಿರ ನಿಂತಳು.

"ಮೂವತ್ತೊಂದು ಅಂತ ಐತಿ. ನನ್ ಮುಂದ ಎಂಬತ್ತೊಂದು ಅಂದಿದ್ಯಲ್ಲ?"

ಪಕ್ಕದಲ್ಲಿದ್ದ ಮಗಳು ಅವಳ ಬೆನ್ನ ಹಿಂದೆ ಸರಿದಳು. ಸುತ್ತಲಿದ್ದ ತಾಯಂದಿರೆಲ್ಲ ನಕ್ಕು, ತಮ್ಮ ತಮ್ಮ ಹಾಳೆ ಬಿಡಿಸಿದರು.

ಆ ವರ್ಷ ಗಡಿಯ ಇನ್ನೂ ಐದು ಶಾಲೆಗಳು ಕನ್ನಡದ ಅಂಕಪಟ್ಟಿ ಕೇಳಿದವು. ಅವರ ಫೋನ್ ಬಂದಾಗಲೆಲ್ಲ ಅಂಜಯ್ಯ, "ತಡೀರಿ, ನಮ್ಮ ಇಂಜಿನಿಯರಮ್ಮಗ ಕೊಡತೀನಿ," ಎನ್ನುತ್ತಿದ್ದ.