ಹೂ ಕಟ್ಟಿದ ವಿಮಾನ

ಇವತ್ತು ಗಂಗೊಳ್ಳಿಯಲ್ಲಿ ಹೊಸ ದೋಣಿಯ ಮೂತಿಗೆ ಸೇವಂತಿಗೆ ಮಾಲೆ ಕಟ್ಟುತ್ತಿದ್ದರು. ಆ ವಾಸನೆಗೆ ಈಗಲೂ ನನ್ನ ಮೈ ಉರಿಯುತ್ತದೆ.

ಶಾಲೆಗೆ ಹೋಗುವಾಗ, ಮೀನಿನ ಪೆಟ್ಟಿಗೆಯ ಥರ್ಮಾಕೋಲ್ ಕೊರೆದು, ಮುಂಬಯಿ ಮಾವ ತಂದ ಮೋಟಾರು, ಫ್ಯಾನು ಕೂರಿಸಿ ನಾನೊಂದು ರಿಮೋಟ್ ವಿಮಾನ ಮಾಡಿದ್ದೆ. ಮೊದಲ ಸಲ ಹಾರಿಸಲು ಕಡಲ ದಂಡೆಗೆ ಒಯ್ದಾಗ ಅಪ್ಪಯ್ಯ ಅದರ ಮೂತಿಗೂ ಮಾಲೆ ಕಟ್ಟಿದರು.

"ಫ್ಯಾನಿಗೆ ಸಿಕ್ಕತ್ತ್ ಅಪ್ಪಯ್ಯ," ಎಂದೆ.

"ಸುಮ್ನಿರ್ ಹೆಣೆ. ಹೂಗ್ ಕಟ್ದೆ ಹೊಸ ದೋಣಿ ನೀರಿಗಿಳ್ಸ್ತ್ರಾ?"

ತೆಂಗಿನಮರದ ಎತ್ತರಕ್ಕೆ ಏರುತ್ತಲೇ ಮಾಲೆ ಫ್ಯಾನಿಗೆ ಸುತ್ತಿಕೊಂಡಿತು. ವಿಮಾನ ಬಂಡೆಗೆ ಬಡಿದು ಚೂರಾಯಿತು.

"ಹೆಣ್ ಮಕ್ಳಿಗೆ ಇದೆಲ್ಲ ಎಂತಕ್ಕೆ?" ಎಂದು ಅಪ್ಪಯ್ಯ ನನ್ನ ಕೈಯಿಂದ ರಿಮೋಟ್ ಕಿತ್ತು, ಜೊತೆಗೆ ಬಂದಿದ್ದ ನನ್ನ ತಮ್ಮನಿಗೆ ಕೊಟ್ಟರು.

ಇವತ್ತು ಸಂಜೆ ತವರಿಗೆ ಹೋದರೆ, ಅಪ್ಪಯ್ಯ ತಮ್ಮನ ಮಗನಿಗೆ ಕತೆ ಹೇಳುತ್ತಿದ್ದರು: "ನಿನ್ನಪ್ಪ ಸಣ್ಣಕಿಪ್ಪಾಗ ವಿಮಾನ ಮಾಡಿದ್ದ. ನಿನ್ನ ಅತ್ತಿ ಅದ್ನ ಬೀಳ್ಸಿ ಒಡ್ದ್ ಹಾಕ್ತ್."